ಸೋಮವಾರದ ಗುಳಿಗೆ

೩ ನವೆಂಬರ್ ೨೦೨೫, ಸೋಮವಾರ

ಇವತ್ತು ಕಾರ್ತಿಕ ಸೋಮವಾರದ ಉಪವಾಸ. ಎದ್ದು ಕಸ ಹೊಡೆದು, ಅಂಗಳಕ್ಕೆ ನೀರು ಚಿಮುಕಿಸಿ, ಎಮ್ಮೆ ಹಿಂಡಿ, ದೇವರ ಜಗಲಿಯ ಮೇಲಿನ ಮೂರ್ತಿಗಳನ್ನು ತೊಳೆದು ಪೂಜೆ ಮುಗಿಸಿದೆ. ಅತ್ತೆಯ ಹಣೆಗೂ ವಿಭೂತಿ ಹಚ್ಚಿದೆ. ಸಂಜೆಯ ಪೂಜೆ ಆಗುವವರೆಗೆ ನಾವಿಬ್ಬರೂ ಬಾಯಿಗೆ ಏನೂ ಹಾಕುವುದಿಲ್ಲ. ಶಿರಹಟ್ಟಿ ಮಠದಲ್ಲಿ ನಿಂತು ನಾನು ಬೇಡಿಕೊಂಡದ್ದೇ ಹಾಗೆ: "ನಮ್ಮತ್ತಿ ಎದ್ದು ಓಡಾಡೂವಂಗ ಆಗಲಿ, ಸಂಕ್ರಾಂತಿತನಕ ಅತ್ತಿ ಸೊಸಿ ಇಬ್ಬರೂ ಸೋಮವಾರ ಹಿಡೀತೀವಿ." ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು. ಹಾಲಿಲ್ಲ, ಬಾಳೆಹಣ್ಣಿಲ್ಲ, ಗುಳಿಗೆಯೂ ಇಲ್ಲ.

ಅತ್ತೆ ಕಳಕವ್ವ ನನಗೆ ಬರೀ ಅತ್ತೆಯಲ್ಲ. ನನ್ನ ತಂದೆಯ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ, ಶಾಲೆಗೆ ಕಳಿಸಿ, ಏಳನೆಯ ಇಯತ್ತೆ ಆಗುವವರೆಗೆ ಬೆನ್ನಿಗೆ ನಿಂತು, ಆಮೇಲೆ ತನ್ನ ಮಗನಿಗೇ ತಂದುಕೊಂಡವಳು. ಈಗ ಆಕೆಯ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಒಡೆದು ಗಾಯವಾಗಿದೆ. ಹುಬ್ಬಳ್ಳಿಯ ಡಾಕ್ಟರು "ಇನ್ನ ಮನಿಯಾಗ ನೋಡಿಕೊಳ್ರಿ" ಎಂದು ಕಳಿಸಿದರು. ಮುಂಡರಗಿಯಿಂದ ಪ್ರತಿ ಮಂಗಳವಾರ ಒಂದು ಗಾಡಿ ನಮ್ಮ ಹಮ್ಮಿಗಿಗೆ ಬರುತ್ತದೆ. ಹಾಸಿಗೆ ಹಿಡಿದವರ ಮನೆಗೇ ನರ್ಸುಗಳು ಬಂದು ಗಾಯ ತೊಳೆದು ನೋವಿನ ಗುಳಿಗೆ ಕೊಟ್ಟು ಹೋಗುತ್ತಾರೆ. ನಾಳೆ ಅವರ ಮೇಲಿನ ದೊಡ್ಡ ಸಿಸ್ಟರ್ ತಾನೇ ಬರುತ್ತಾಳಂತೆ.

ಮಧ್ಯಾಹ್ನದಿಂದ ಅತ್ತೆಗೆ ನೋವು ಜೋರಾಗಿದೆ. ಹಲ್ಲು ಕಚ್ಚಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಶಿವ ಪರೀಕ್ಷೆ ಮಾಡುತ್ತಿದ್ದಾನೆ. ಮಾಡಲಿ. ನಾವೇನು ಕಮ್ಮಿ ಇಲ್ಲ.

೪ ನವೆಂಬರ್, ಮಂಗಳವಾರ

ದೊಡ್ಡ ಸಿಸ್ಟರ್ ಬಂದಳು. ಹೆಸರು ಶಿವರಂಜನಿ. ಹೆಸರಿನಲ್ಲಿ ಶಿವನಿದ್ದಾನೆ ಎಂದು ಸಮಾಧಾನಪಟ್ಟೆ, ಆಮೇಲೆ ಸಮಾಧಾನಪಡುವಂಥದ್ದು ಏನೂ ಕಾಣಲಿಲ್ಲ. ಇಷ್ಟು ದಿನ ಬರುತ್ತಿದ್ದ ಸಪ್ನಾ ಎಂಬ ಹುಡುಗಿ ಪಾಪ ಬಂದ ಕೂಡಲೇ ಕೈ ತೊಳೆದು ಕೆಲಸಕ್ಕೆ ನಿಲ್ಲುತ್ತಿದ್ದಳು. ಈಕೆ ಅತ್ತೆ ಮಲಗಿದ್ದ ಹೊರಸಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತಳು. ಚಹಾ ಕುಡಿದಳು. ಇನ್ನೊಂದು ಕಪ್ಪು ಬೇಕೇ ಎಂದರೆ ಬೇಡ ಅನ್ನಲಿಲ್ಲ.

"ಅಕ್ಕಾರ, ಯವ್ವನ್ನ ದಿನಾ ಹೊಳ್ಳಿಸಿ ಮಲಗಸೂದು ಯಾರು?"

"ನಾನ. ಮತ್ಯಾರು?"

"ಮಗ ಏನು ಮಾಡ್ತಾರ?"

ಇವರು ಬಾಗಿಲಲ್ಲಿ ನಿಂತಿದ್ದರು. "ನಾವು ಗಂಡಸ್ರು ರೀ," ಎಂದರು.

"ಗಂಡಸ್ರಿಗೆ ಕೈ ಇರೂದಿಲ್ಲೇನ್ರಿ ಅಂದಪ್ಪಣ್ಣಾರ? ಚಪ್ಪಲಿ ಬಿಟ್ಟು ಒಳಗ ಬರ್ರಿ. ಆ ಕಡೆ ಹಿಡೀರಿ."

ಇವರು ಬಂದು ಹಿಡಿದರು! ಮದುವೆಯಾದಾಗಿನಿಂದ ಇವರು ಯಾರ ಮಾತಿಗೂ ಅಷ್ಟು ಬೇಗ ಮೈ ಬಗ್ಗಿಸಿದ್ದನ್ನು ನಾನು ಕಂಡಿಲ್ಲ. ಹೊಳ್ಳಿಸಿದ್ದು ಇವರು, ಗಾಯ ತೊಳೆದದ್ದು ಸಪ್ನಾ, ನೀರು ಕಾಯಿಸಿದ್ದು ನಾನು. ದೊಡ್ಡ ಸಿಸ್ಟರ್ ಅತ್ತೆಯ ಕೈ ಹಿಡಿದುಕೊಂಡು ನಮ್ಮ ಎಮ್ಮೆಯ ವಿಚಾರ ಮಾತಾಡುತ್ತ ಕುಳಿತಿದ್ದಳು. ಇದಕ್ಕೆ ಪಗಾರ ಬೇರೆ.

ಇವರು ಗುಳಿಗೆ ನೋಡಿ, "ಇದು ಅಫೀಮಿನ ಜಾತೀದಂತಲ್ರಿ?" ಎಂದು ಕೇಳಿದರು.

"ಅದ ಜಾತೀದು. ಆದ್ರ ನಿಮ್ಮವ್ವ ಇದನ್ನ ನುಂಗಿ ಕುಣ್ಯಾಕ ಹೋಗೂದಿಲ್ಲ, ನಿದ್ದಿ ಮಾಡ್ತಾಳ. ನೋವು ಬಂದಮ್ಯಾಲೆ ಅಲ್ಲ, ಬರೂಕಿಂತ ಮೊದಲ ಕೊಡಬೇಕು. ಒಂದು ಹೊತ್ತೂ ತಪ್ಪಬಾರದು."

"ತಪ್ಪೂದಿಲ್ರಿ," ಎಂದೆ. ತಪ್ಪಿಸುವುದೂ ಇಲ್ಲ. ಸೋಮವಾರದ್ದು ದೇವರ ಲೆಕ್ಕ, ಅದನ್ನು ದವಾಖಾನೆಯವರ ಮುಂದೆ ಯಾಕೆ ಹೇಳಬೇಕು?

ಆಮೇಲೆ ಇನ್ನೊಂದು ತೆಗೆದಳು. ಹಳೆಯ ನೂಲಿನ ಸೀರೆ ಹರಿದು, ಕುಕ್ಕರಿನಲ್ಲಿ ಸೀಟಿ ಹೊಡೆಸಿ, ಬಿಸಿಲಿಗೆ ಒಣಗಿಸಿ ಗಾಯದ ಮೇಲೆ ಹಾಕಬೇಕಂತೆ. ಅನ್ನ ಮಾಡುವ ಕುಕ್ಕರು! "ಇದ್ದವರ ಸೀರಿ ಹರೀಬಾರದ್ರಿ, ಅಪಶಕುನ," ಎಂದೆ. "ಹೌದೇನ್ರಿ?" ಎಂದು ಸುಮ್ಮನಾದಳು. ಗೆದ್ದೆ ಎಂದುಕೊಂಡು ನೀರು ಚೆಲ್ಲಿ ಒಳಗೆ ಬಂದರೆ ಅತ್ತೆಯ ಕೈಯಲ್ಲಿ ಕತ್ತರಿ! ಮಲಗಿದಲ್ಲೇ ತನ್ನ ಹಸಿರು ಸೀರೆಯನ್ನು ಚರ್ರೆಂದು ಹರಿಯುತ್ತಿದ್ದಾಳೆ.

"ನನ್ನ ಸೀರಿ, ನಾ ಹರೀತೀನಿ. ಇದರಾಗ ನಿಂದೇನೈತಿ?" ಎಂದಳು ನನಗೆ.

ಹಳೆಯ ಕುಕ್ಕರು ಒಂದಿತ್ತು, ಹಿಡಿಕೆ ಮುರಿದದ್ದು. ಅದನ್ನೇ ಕೊಟ್ಟೆ.

೧೧ ನವೆಂಬರ್, ಮಂಗಳವಾರ

ನಿನ್ನೆ ಉಪವಾಸ ನಿರ್ವಿಘ್ನವಾಗಿ ನಡೆಯಿತು. ಅತ್ತೆ ಮಾತ್ರ ಬಹಳ ಒದ್ದಾಡಿದಳು. ಇವತ್ತು ಸಪ್ನಾ ಬಂದಾಗಲೂ ನೋವು ಇಳಿದಿರಲಿಲ್ಲ. "ಗುಳಿಗಿ ಎಲ್ಲಾ ಕೊಟ್ಟೀರೇನ್ರಿ?" ಎಂದು ಕೇಳಿದಳು. "ಕೊಡೂದು ಕೊಟ್ಟೀನಿ," ಎಂದೆ. ಸುಳ್ಳಲ್ಲ. ಆಕೆ ಡಾಕ್ಟರಿಗೆ ಫೋನು ಮಾಡಿ ಗುಳಿಗೆ ಹೆಚ್ಚು ಮಾಡಿಸಿದಳು.

೧೨ ನವೆಂಬರ್, ಬುಧವಾರ

ಅತ್ತೆಗೆ ದಿನವಿಡೀ ಮಂಪರು. ಒಂದು ಸಲವೂ 'ಉಡಚಿ' ಎಂದು ನನ್ನ ಹೆಸರು ಕರೆಯಲಿಲ್ಲ. ಆಕೆ ಬಯ್ಯದೆ ಇದ್ದರೆ ಮನೆ ಬಿಕೋ ಎನ್ನುತ್ತದೆ. ಈ ನರ್ಸುಗಳಿಗೆ ಲೆಕ್ಕ ಬರುವುದಿಲ್ಲ ಎಂದು ಇವರಿಗೆ ಹೇಳಿದೆ.

೧೭ ನವೆಂಬರ್, ಸೋಮವಾರ

ಕಡೆಯ ಕಾರ್ತಿಕ ಸೋಮವಾರ. ಸಗಣಿ ಬಳಿದು, ಹೊಸ್ತಿಲಿಗೆ ರಂಗೋಲಿ ಹಾಕಿ, ದೇವರ ಮುಂದೆ ದೀಪ ಹಚ್ಚುವಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತಿತು. ಮಂಗಳವಾರ ಬರಬೇಕಾದವರು ಸೋಮವಾರವೇ! ಹೇಳದೆ ಕೇಳದೆ ಬರುವುದು ಯಾವ ರೀತಿ? ದೊಡ್ಡ ಸಿಸ್ಟರಿನ ಹಿಂದೆ ಸಪ್ನಾ, ಮುಖ ಸಣ್ಣದು ಮಾಡಿಕೊಂಡು.

ಅತ್ತೆ ಆಗಲೇ ನರಳುತ್ತಿದ್ದಳು. ಸಿಸ್ಟರ್ ಕುರ್ಚಿಯಲ್ಲಿ ಕುಳಿತು ಗೋಡೆಯ ಗೂಡಿನ ಕಡೆ ನೋಡಿದಳು. ಬೆಳಗಿನ ಗುಳಿಗೆ ವಿಭೂತಿ ಗಟ್ಟಿಯ ಪಕ್ಕ ಇಟ್ಟಹಾಗೇ ಇತ್ತು.

"ಅಕ್ಕಾರ, ಇವತ್ತು ಉಪವಾಸ ಏನ್ರಿ?"

"ಹೌದ್ರಿ."

"ಯವ್ವಂದೂ?"

"ಇಬ್ಬರದೂ. ಅತ್ತಿ ಸಲುವಾಗಿ ಹರಕಿ ಹೊತ್ತೀನಿ."

ಬಯ್ಯುತ್ತಾಳೆ ಎಂದು ಸೆರಗು ಬಿಗಿದು ನಿಂತೆ. ನನ್ನ ಹತ್ತಿರ ಉತ್ತರ ತಯಾರಿತ್ತು. ಆಕೆ ನನ್ನನ್ನು ಬಿಟ್ಟು ಅತ್ತೆಯ ಕಡೆ ಬಗ್ಗಿದಳು.

"ಯವ್ವಾ, ಸೋಮವಾರ ಯಾಕ ಗುಳಿಗಿ ತಗೊಳ್ಳೂದಿಲ್ಲ ನೀ?"

"ಕೊಟ್ರ ತಗೋತೀನಿ," ಎಂದಳು ಅತ್ತೆ, ಹಲ್ಲು ಕಚ್ಚಿಕೊಂಡೇ. "ಸೋಮವಾರ ಗುಳಿಗಿಗೆ ಸೂಟಿ ಅಂತ ತಿಳಕೊಂಡಿದ್ದೆ. ಬ್ಯಾಂಕಿಗೆ ಐತವಾರ ಇರತೈತಲ್ಲ, ಹಂಗ."

"ನಿನ್ನ ಸಲುವಾಗಿ ಸೊಸಿ ಹರಕಿ ಹೊತ್ತಾಳಂತ. ಇಬ್ಬರೂ ಉಪವಾಸ ಅಂತ."

"ನನ್ನ ಕೇಳ್ಯಾಳೇನು? ನಾ ಸೋಮವಾರ ಮಾಡಿದ್ದು ಗಂಡ ಇರೂತನಕ. ಅಂವಾ ಹೋದಮ್ಯಾಲೆ ಹಿತ್ತಲದಾಗ ಕುಂತು ಶೇಂಗಾ ತಿಂತಿದ್ದೆ."

"ಅತ್ತೀ!"

"ಏನ ಅತ್ತೀ? ನೀ ನೋಡಿರಲಿಲ್ಲ, ಶಿವಾ ನೋಡಿದ್ದ. ಅಂವಾ ಏನೂ ಅನಲಿಲ್ಲ."

ಸಪ್ನಾ ಬಾಯಿಗೆ ಕೈ ಅಡ್ಡ ಹಿಡಿದಳು. ಇಷ್ಟು ವರ್ಷ ನಾನು ಈಕೆಯ ಪಕ್ಕದಲ್ಲಿ ಬರಿ ಹೊಟ್ಟೆಯಲ್ಲಿ ಕುಳಿತು ಸಂಜೆಯ ಮಂಗಳಾರತಿ ಹಾಡಿದ್ದೇನೆ. ಈಕೆಯ ದನಿ ಯಾಕೆ ನನಗಿಂತ ಗಟ್ಟಿ ಎಂದು ಆಗಾಗ ಅನಿಸುತ್ತಿತ್ತು. ಭಕ್ತಿ ಹೆಚ್ಚು ಎಂದುಕೊಂಡಿದ್ದೆ.

"ಹರಕಿ ಮುರದು ಅತ್ತಿಗೆ ಏನರ ಆದ್ರ ಯಾರು ಹೊಣಿ?" ಎಂದೆ.

"ಮುರಿಯೂದು ಬ್ಯಾಡ್ರಿ," ಎಂದಳು ಸಿಸ್ಟರ್. "ಆಕಿ ಪಾಲಿನ ಉಪವಾಸಾನೂ ನೀವ ಮಾಡ್ರಿ. ನಿಮ್ಮ ಹರಕಿ ನಿಮ್ಮ ಹೊಟ್ಟ್ಯಾಗ ಇರಲಿ, ಆಕಿ ಗುಳಿಗಿ ಆಕಿ ಹೊಟ್ಟ್ಯಾಗ ಇರಲಿ. ದೇವರಿಗೂ ಗೊಂದಲ ಆಗೂದಿಲ್ಲ, ನನಗೂ ಆಗೂದಿಲ್ಲ."

ಆಗ ಸಪ್ನಾ ಅಳುವ ದನಿಯಲ್ಲಿ, "ಮೇಡಮ್, ನಾನು ಸರಿಯಾಗಿ ಕೇಳಬೇಕಾಗಿತ್ತು. ಸುಮ್ಮನ ಗುಳಿಗಿ ಹೆಚ್ಚು ಮಾಡಸಿದೆ," ಎಂದಳು.

"ಇಲ್ಲ ತಂಗಿ, ತಪ್ಪು ನಂದು. ನೋವು ಎಷ್ಟೈತಿ ಕೇಳು ಅಂತ ಕಲಸಿದ್ದೆ, ಮನ್ಯಾಗ ಯಾವ ವಾರ ಹಿಡೀತಾರ ಕೇಳು ಅಂತ ಕಲಸಿರಲಿಲ್ಲ."

ಎಲ್ಲರ ಮುಂದೆ ತನ್ನ ತಪ್ಪು ಒಪ್ಪಿಕೊಂಡಳು. ಅಷ್ಟಾದರೂ ಬುದ್ಧಿ ಬಂತಲ್ಲ. ಆಮೇಲೆ ಡಾಕ್ಟರ ಹತ್ತಿರ ಮಾತಾಡಿ ಗುಳಿಗೆಯನ್ನು ಮೊದಲಿನಷ್ಟಕ್ಕೇ ಇಳಿಸಿದಳು.

ಗುಳಿಗೆ ನಾನೇ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅತ್ತೆ ಗೋಡೆಯನ್ನು ಬಿಟ್ಟು ಈ ಕಡೆ ಹೊಳ್ಳಿದಳು. "ಏ ಉಡಚಿ, ದೀಪಕ್ಕ ಎಣ್ಣಿ ಹಾಕು. ಆರಾಕ ಬಂದೈತಿ, ಕಣ್ಣಿಲ್ಲೇನು?" ಎಂದಳು.

ಹಾಕಿದೆ.

೨೪ ನವೆಂಬರ್, ಸೋಮವಾರ

ಇಬ್ಬರ ಉಪವಾಸ ಒಬ್ಬಳೇ ಮಾಡಬೇಕಾದ್ದರಿಂದ ಇವತ್ತು ನೀರನ್ನೂ ಬಿಟ್ಟೆ. ಎಮ್ಮೆ ಹಿಂಡಿದೆ, ಬಟ್ಟೆ ಒಗೆದೆ. ರೊಟ್ಟಿಗೆ ಹಿಟ್ಟು ನಾದುವಾಗ ಗೋಡೆ ಓಡಾಡಿದಂತಾಯಿತು. ಎಚ್ಚರವಾದಾಗ ಒಲೆಯ ಮುಂದೆ ಬಿದ್ದಿದ್ದೆ, ಇವರು ಮುಖಕ್ಕೆ ನೀರು ಹೊಡೆಯುತ್ತಿದ್ದರು. ಅತ್ತೆ ಒಳಗಿನಿಂದ, "ಯಾರು ಸತ್ರು? ನಾ ಇನ್ನೂ ಇದೀನಿ," ಎಂದು ಕೂಗುತ್ತಿದ್ದಳು.

ಇವರು ಗಾಬರಿಯಲ್ಲಿ ಸಿಸ್ಟರಿಗೆ ಫೋನು ಹಚ್ಚಿದರು. ಆಕೆ ಇವರಿಗೆ ಹೇಳಿದ್ದು ನನಗೂ ಕೇಳಿಸಿತು: "ಅಕ್ಕಾರು ಬಿದ್ರ ನಿಮ್ಮ ಮನ್ಯಾಗ ಎರಡು ಹೊರಸು ಆಗ್ತಾವ. ನೋಡಿಕೊಳ್ಳಾವರು ನೀವೊಬ್ಬರ ಉಳೀತೀರಿ. ಯೋಚನಿ ಮಾಡ್ರಿ."

ಇವರು ಯೋಚನೆ ಮಾಡಿದಂತೆ ಕಾಣುತ್ತದೆ. ರೊಟ್ಟಿ ತಾವೇ ಬಡಿದರು. ಒಂದೊಂದು ರೊಟ್ಟಿ ಒಂದೊಂದು ಜಿಲ್ಲೆಯ ಆಕಾರ. ಅತ್ತೆ ಹಾಲಿನಲ್ಲಿ ಕಿವುಚಿದ ತುಣುಕನ್ನು ನಾಲಗೆಯ ಮೇಲೆ ಇಟ್ಟುಕೊಂಡು, "ಅರವತ್ತರ ಹತ್ತಿರ ಬಂದಮ್ಯಾಲೆ ಕಲತಾನ ನನ್ನ ಮಗ," ಎಂದು ನಕ್ಕಳು. ಇನ್ನು ಮೇಲೆ ಬೆಳಗಿನ ಗುಳಿಗೆ ಮತ್ತು ಬಾಯಿ ಒರೆಸುವುದು ಇವರದಂತೆ. ಹೀಗೆ ಆ ದೊಡ್ಡ ಸಿಸ್ಟರ್ ಮುಂಡರಗಿಯಲ್ಲಿ ಕುಳಿತೇ ನಮ್ಮ ಮನೆ ನಡೆಸುತ್ತಾಳೆ.

ಉಪವಾಸದಲ್ಲಿ ಹಾಲು ನಡೆಯುತ್ತದೆ ಎಂದು ನಮ್ಮ ಮನೆಯ ಪೂಜೆಗೆ ಬರುವ ಅಯ್ಯನವರು ಹಿಂದೆಯೇ ಹೇಳಿದ್ದರು. ಆಗ ಅವರನ್ನು ಸಡಿಲ ಮನುಷ್ಯ ಎಂದುಕೊಂಡಿದ್ದೆ. ಒಂದು ಲೋಟ ಕುಡಿದೆ.

೧೯ ಡಿಸೆಂಬರ್, ಎಳ್ಳ ಅಮವಾಸ್ಯೆ

ಹಬ್ಬದ ದಿನ ಕೆಟ್ಟ ಮಾತು ಕೇಳಿಸಿಕೊಳ್ಳಬೇಕಾಯಿತು. ಬೆಳಿಗ್ಗೆ ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ ಎಲ್ಲ ಕಟ್ಟಿ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಲು ತಯಾರಾಗಿದ್ದೆವು. ಅದೇ ದಾರಿಯಲ್ಲಿ ಹೋಗುತ್ತಿದ್ದ ಸಿಸ್ಟರ್ ಗಾಡಿ ಇಳಿದು ಬಂದರು. ನಾನು ಕರೆದಿರಲಿಲ್ಲ, ಕಡುಬು ಮಾತ್ರ ಎರಡು ಹೆಚ್ಚು ಮಾಡಿದ್ದೆ.

ಅತ್ತೆ ಅವರನ್ನು ಹತ್ತಿರ ಕರೆದು ಕೇಳಿಯೇಬಿಟ್ಟಳು: "ಇನ್ನ ಎಷ್ಟು ದಿನ ಬೇ ತಂಗಿ?"

ನಾನು "ಬಿಡ್ತು ಅನ್ರಿ" ಎಂದು ಅಡ್ಡ ಹೋದೆ. ಸಿಸ್ಟರ್ ನನ್ನ ಕೈ ಹಿಡಿದು ಕುಳ್ಳಿರಿಸಿದರು.

"ದಿನಾ ಎಣಿಸಾಕ ನನಗ ಬರೂದಿಲ್ಲ ಯವ್ವಾ. ಬಹಳ ಇಲ್ಲ. ನಿನಗೇನು ಬೇಕು ಹೇಳು. ಸೊಸಿ ಕೇಳಲಿ, ಮಗ ಕೇಳಲಿ."

"ಆ ಹುಬ್ಬಳ್ಳಿ ಬ್ಯಾಡ," ಎಂದಳು ಅತ್ತೆ. "ಅಲ್ಲಿ ಯಾರ ಮುಖಾ ಯಾರಿಗೂ ಗೊತ್ತಿಲ್ಲ. ಇಲ್ಲೇ ಈ ಹೊರಸಿನ ಮ್ಯಾಲೆ. ಎಮ್ಮಿ ಕಾಣ್ತಿರಬೇಕು. ನೋವು ಆಗಬಾರದು. ಇಷ್ಟ."

ಆಮೇಲೆ ನನ್ನ ಕಡೆ ತಿರುಗಿ, "ಗದಗಿಂದ ಸಣ್ಣಾಂವ ಬಂದು ಒದರತಾನ. ನೀ ಹೆದರಬ್ಯಾಡ," ಎಂದಳು. ಸಣ್ಣವನೆಂದರೆ ನನ್ನ ಮೈದುನ ಗವಿಸಿದ್ದೇಶ, ಬೆಟಗೇರಿಯಲ್ಲಿರುತ್ತಾನೆ.

ಸಾವಿನ ಮಾತನ್ನು ಹಬ್ಬದ ದಿನ ಮನೆಯೊಳಗೆ ತಂದದ್ದಕ್ಕೆ ಸಿಸ್ಟರ ಮೇಲೆ ಬಹಳ ಸಿಟ್ಟು ಬಂತು. ಕಡುಬು ಕಟ್ಟಿಕೊಡುವಾಗ ಅವರ ಮುಖ ನೋಡಲಿಲ್ಲ. ಹೊಲದಲ್ಲಿ ಇವರು "ಹುಲಿಗ್ಯೋ" ಎಂದು ಕೂಗುತ್ತ ಚರಗ ಚೆಲ್ಲಿದರು. ನಾನು ಹಿಂದಿನಿಂದ "ಚಲ್ಲಂಬರಿಗ್ಯೋ" ಎಂದು ದನಿಗೂಡಿಸಿದೆ. ಸಂಜೆ ಬಂದು ಹೊರಸನ್ನು ಎಮ್ಮೆ ಕಾಣುವ ಹಾಗೆ ತಿರುಗಿಸಿ ಹಾಕಿದೆವು.

೪ ಜನವರಿ ೨೦೨೬, ರವಿವಾರ

ಅತ್ತೆಯ ಉಸಿರು ಬೇರೆಯಾಗಿದೆ. ಗಂಟಲಲ್ಲಿ ಗೊರಗೊರ. ಸಿಸ್ಟರ್ ಮೊದಲೇ ಹೇಳಿದ್ದರು, ಈ ಸಪ್ಪಳ ಕೇಳುವ ನಮಗೆ ಕಷ್ಟ, ಆಕೆಗೆ ಅಲ್ಲ ಎಂದು.

ಮೈದುನ ಬಂದು ಬಾಗಿಲಲ್ಲೇ ಒದರಿದ. "ವೈನೀ, ಮಂದಿ ಏನಂದಾರು? ಇಬ್ಬರು ಗಂಡುಮಕ್ಕಳು ಇದ್ದು ಅವ್ವನ್ನ ದವಾಖಾನಿಗೆ ಹಾಕಲಿಲ್ಲ ಅಂತಾರ. ಗಾಡಿ ತಂದೀನಿ, ಹುಬ್ಬಳ್ಳಿಗೆ ಒಯ್ಯೋಣು!" ಇವರೂ ಅವನ ಮುಖ ನೋಡಿ, ನನ್ನ ಮುಖ ನೋಡಿ, ಚಪ್ಪಲಿ ಹುಡುಕತೊಡಗಿದರು.

ಸಿಸ್ಟರಿಗೆ ಫೋನು ಮಾಡಿದೆ, ಹತ್ತಲಿಲ್ಲ. ಬೇಕಾದಾಗ ಇರುವುದಿಲ್ಲ, ಅದೇ ಅವರ ಗುಣ. ಮತ್ತೇನು ಮಾಡಲಿ? ಕುರ್ಚಿಯಲ್ಲಿ ಕುಳಿತೆ.

"ಗವಿಸಿದ್ದೇಶ, ಮಂದಿಗೆ ನಾ ಉತ್ತರಾ ಕೊಡತೀನಿ. ಅವ್ವ ಏನು ಕೇಳ್ಯಾಳ ನಿನಗ ಗೊತ್ತೈತೇನು? ಹುಬ್ಬಳ್ಳಿ ಬ್ಯಾಡ ಅಂದಾಳ. ನಿಮ್ಮಣ್ಣಾನೂ ಕೇಳ್ಯಾನ."

"ಮತ್ತ ಸುಮ್ಮನ ನೋಡಿಕೋತ ಕುಂಡ್ರೂದೇನು?"

"ಸುಮ್ಮನ ಯಾಕ? ಚಪ್ಪಲಿ ಬಿಟ್ಟು ಒಳಗ ಬಾ. ಆ ಕಡೆ ಹಿಡಿ. ಮಗ್ಗಲಕ ಹೊಳ್ಳಿಸಿದ್ರ ಉಸಿರು ಸಲೀಸ ಆಗ್ತೈತಿ."

ಹಿಡಿದ. ಹೊಳ್ಳಿಸಿದೆವು. ಸಪ್ಪಳ ಇಳಿಯಿತು. ಮೈದುನ ಅವ್ವನ ಕೈ ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತ. ನಾನು ಚಹಾ ಮಾಡಲು ಏಳಬೇಕೆಂದಿದ್ದೆ. ಇವರು ಮಾಡಿ ತಂದರು.

೫ ಜನವರಿ, ಸೋಮವಾರ

ಬೆಳಿಗ್ಗೆ ಅತ್ತೆ ಕಣ್ಣು ತೆರೆದು "ಶೇಂಗಾ" ಎಂದಳು. ಬೇರೆ ಏನೂ ಅಲ್ಲ. ಶೇಂಗಾ ಹುರಿದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕಲಸಿದೆ. ಬಾಯಿ ಹುಣ್ಣಿಗೆ ಉಪ್ಪು ಉರಿಯಬಾರದೆಂದು ನಾಲ್ಕು ಸಲ ರುಚಿ ನೋಡಿದೆ. ಬೆರಳಿನ ತುದಿಯಿಂದ ತುಟಿಗೆ ಹಚ್ಚಿದೆ. ನಾಲಗೆ ಚಾಚಿ ನೆಕ್ಕಿದಳು.

"ಸೋಮವಾರ ಐತಿ ಇವತ್ತು," ಎಂದಳು. ಕಣ್ಣಲ್ಲಿ ನಗು ಇತ್ತು.

"ಇರಲಿ ಬಿಡು," ಎಂದೆ.

ಮಧ್ಯಾಹ್ನ ಎಮ್ಮೆ ಕೂಗಿದಾಗ ನೀರು ಕುಡಿಸಲು ಎದ್ದೆ. 'ನಾ ಬಂದೆ' ಎಂದು ಹೇಳಿ ಹೋದೆ. ಬಂದಾಗ ಹೊರಸಿನ ಮೇಲೆ ಉಸಿರಿನ ಸಪ್ಪಳ ಇರಲಿಲ್ಲ. ಮುಖ ಅಂಗಳದ ಕಡೆ ಇತ್ತು, ಹಲ್ಲು ಕಚ್ಚಿರಲಿಲ್ಲ.

ಇಷ್ಟೇ ಬರೆಯುತ್ತೇನೆ.

೧೯ ಜನವರಿ, ಸೋಮವಾರ

ಸಂಕ್ರಾಂತಿ ಬಂದು ಹೋಯಿತು. ಈ ಸಲ ಮೈಗೆ ಎಳ್ಳು ಹಚ್ಚಿಕೊಳ್ಳಲಿಲ್ಲ. ಹರಕೆ ತಪ್ಪಿತೇ ಎಂದು ಅಯ್ಯನವರನ್ನು ಕೇಳಿದೆ. "ನೀ ಬೇಡಿದ್ದು ಶಿವಾ ಕೊಡಲಿಲ್ಲ, ನಿಮ್ಮತ್ತಿ ಬೇಡಿದ್ದು ಕೊಟ್ಟಾನಲ್ಲ," ಎಂದರು. ಸಡಿಲ ಮನುಷ್ಯ. ಆದರೂ ಆ ರಾತ್ರಿ ನಿದ್ದೆ ಬಂತು.

ಇವತ್ತು ಕಸ ಹೊಡೆದು, ಎಮ್ಮೆ ಹಿಂಡಿ, ಕೆಳಗಿನ ಓಣಿಯ ಬೀರಲಿಂಗಪ್ಪನ ಮನೆಗೆ ಹೋಗಿದ್ದೆ. ಅವನಿಗೆ ಗಂಟಲಲ್ಲಿ ಗಡ್ಡೆ. ಹೆಂಡತಿ ಹುಚ್ಚವ್ವ ನಿನ್ನೆ ಅಳುತ್ತ ಬಂದಿದ್ದಳು, ಗಾಡಿಯವರು ಗುಳಿಗೆ ಕೊಟ್ಟರೂ ನೋವು ನಿಲ್ಲುತ್ತಿಲ್ಲ ಎಂದು. ನೋಡಿ ಬರೋಣ ಎಂದು ಹೋದೆ, ಅಷ್ಟೆ. ಕುರ್ಚಿ ಹಾಕಿದರು, ಕುಳಿತೆ. ಚಹಾ ಕೊಟ್ಟರು, ಕುಡಿದೆ. ಎರಡನೆಯ ಕಪ್ಪು ಕುಡಿದ ಮೇಲೆ ಸೋಮವಾರ ಎಂದು ನೆನಪಾಯಿತು.

"ಹುಚ್ಚವ್ವಾ, ಯಾವ ವಾರ ಹಿಡೀತೀರಿ?"

"ಶನಿವಾರ, ಹಣಮಪ್ಪಂದು."

"ನೀನೊ, ಇಬ್ಬರೂನೊ?"

ಹುಚ್ಚವ್ವ ಸೆರಗು ಬಿಗಿದುಕೊಂಡಳು. ಎಂಥ ಹಟದ ಹೆಂಗಸು! ಒಂದು ಮಾತು ಗಂಡನನ್ನು ಕೇಳಬಾರದೇ? ನಾನೇ ಬೀರಲಿಂಗಪ್ಪನ ಕಡೆ ಬಗ್ಗಿ, "ಯಣ್ಣಾ, ಶನಿವಾರ ಗುಳಿಗಿ ಬ್ಯಾಡ ಅಂದಾವ ನೀನೇನು?" ಎಂದೆ. ಅವನಿಗೆ ಮಾತು ಬರುವುದಿಲ್ಲ. ಹೆಂಡತಿಯ ಕಡೆ ಬೆರಳು ತೋರಿಸಿದ. ಮಗ ಬಾಗಿಲಲ್ಲಿ ನಿಂತು ಮೊಬೈಲು ನೋಡುತ್ತಿದ್ದ, ಅವನನ್ನು ಕರೆದು ಆ ಕಡೆ ಹಿಡಿಸಿದೆ.

ಬರುವಾಗ ಹುಚ್ಚವ್ವನ ನೆಗೆಣ್ಣಿ ಹಿಂದಿನಿಂದ ಅಂದದ್ದು ಕಿವಿಗೆ ಬಿತ್ತು: "ಉಡಚವ್ವ ಬಂದ್ಲು, ಕುಂತ್ಲು, ಎರಡು ಕಪ್ ಚಹಾ ಕುಡದ್ಲು, ಒಂದು ಕಡ್ಡಿ ಎತ್ತಿ ಆ ಕಡೆ ಇಡಲಿಲ್ಲ!" ಕೆಲವರ ಕಣ್ಣಿಗೆ ಕೆಲಸ ಕಾಣುವುದೇ ಇಲ್ಲ. ಅಂಥವರಿಗೆ ಏನು ಹೇಳುವುದು?

ಮನೆಗೆ ಬಂದು ಟ್ರಂಕು ತೆಗೆದೆ. ಹೋದ ಮಂಗಳವಾರ ಗಾಡಿಯ ಡ್ರೈವರ್ ಹೊನ್ನೇಶಣ್ಣ ಬಂದು ಸಿಸ್ಟರ ಮಾತು ಹೇಳಿಹೋಗಿದ್ದ: ವಾರಕ್ಕೊಂದು ದಿನ ಗಾಡಿಯಲ್ಲಿ ಅವರ ಜೊತೆ ಹಳ್ಳಿಗಳಿಗೆ ಬರುತ್ತೀರಾ, ಮನೆಯ ಹೆಂಗಸರ ಹತ್ತಿರ ಕೂತು ಮಾತಾಡಲು ಒಬ್ಬರು ಬೇಕು, ಯೋಚಿಸಿ ಉತ್ತರ ಕೊಡಿ ಎಂದು. ಆಗ ನಾನು, "ನನಗೆಲ್ಲಿ ಪುರಸೊತ್ತು? ನಾನೇನು ನರ್ಸೇನು?" ಎಂದಿದ್ದೆ. ಈಗಲೂ ಅದೇ ಮಾತು. ನನಗೆ ಏನೂ ಬರುವುದಿಲ್ಲ.

ಅತ್ತೆಯ ಉಳಿದ ಸೀರೆಗಳನ್ನು ಹರಿದೆ. ಸಾಲದು ಎನಿಸಿ ನನ್ನವೂ ಎರಡು ಹರಿದೆ. ನಾನು ಇನ್ನೂ ಇದ್ದೇನೆ, ಏನೂ ಆಗಲಿಲ್ಲ. ಹಿಡಿಕೆ ಮುರಿದ ಕುಕ್ಕರಿನಲ್ಲಿ ಸೀಟಿ ಹೊಡೆಸಿ, ಬಿಸಿಲಿಗೆ ಒಣಗಿಸಿ, ಮಡಿಚಿ ಗಂಟು ಕಟ್ಟಿದೆ. ನಾಳೆ ಬೆಳಗಿನ ರೊಟ್ಟಿಯನ್ನು ಇವರು ಬಡಿಯುತ್ತಾರಂತೆ, ನಾನು ಕೇಳಿರಲಿಲ್ಲ.

ಆಮೇಲೆ ಫೋನು ಹಚ್ಚಿದೆ. ಇವತ್ತು ಒಂದೇ ಸಲಕ್ಕೆ ಹತ್ತಿತು.

"ಸಿಸ್ಟರ್, ನನ್ನ ಉತ್ತರಾ ಫೋನಿನಾಗ ಹಿಡಿಯೂದಿಲ್ರಿ. ಗಂಟು ಕಟ್ಟಿ ಬಾಗಲದಾಗ ಇಟ್ಟೀನಿ. ಮೊದಲ ಬೀರಲಿಂಗಪ್ಪನ ಮನಿಗೆ ಹೋಗೋಣು, ಅಲ್ಲಿ ಶನಿವಾರದ್ದೊಂದು ಐತಿ. ಹೊನ್ನೇಶಣ್ಣಗ ಹೇಳ್ರಿ, ನಾಳೆ ಬಂದು ಒಯ್ಯಲಿ. ಗಾಡ್ಯಾಗ ಗಂಟಿನ ಬಾಜೂಕ ಒಬ್ಬರು ಕುಂಡ್ರೂವಷ್ಟು ಜಾಗಾ ಇರಲಿ."